ತುಂಡಾದ ತಂತಿಯ ಮಾತು

(ಮಾತನಾಡುವವರು ಇಬ್ಬರು: ಜಾಲಹಳ್ಳಿಯ ಯಂತ್ರೋಪಕರಣ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಸೋದರಮಾವ; ಪ್ರೌಢಶಾಲೆಯಲ್ಲಿ ಚಿತ್ರಕಲೆಯನ್ನು ಕಲಿಸುವ ಸೋದರಳಿಯ. ಸ್ಥಳ: ಬೆಂಗಳೂರಿನ ಒಂದು ಮನೆಯ ಹಿಂಭಾಗದ ಕೋಣೆ.)

ಅಳಿಯ: ನಮ್ಮ ಸಿಎನ್‌ಸಿ ಯಂತ್ರದ ಚೌಕಟ್ಟಿನ ಬೋಲ್ಟುಗಳನ್ನೆಲ್ಲ ಬಿಗಿದು ಮುಗಿಸಿದ್ದೇನೆ, ಮಾವ. ಮೂರು ಅಕ್ಷಗಳ ಮೋಟಾರುಗಳೂ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿವೆ; ಎಸ್.ಪಿ. ರಸ್ತೆಯಿಂದ ತಂದ ಡ್ರೈವರುಗಳು, ಪವರ್ ಸಪ್ಲೈ, ತಂತಿಯ ಸುರುಳಿಗಳು ಇಗೋ ಈ ಮೇಜಿನ ಮೇಲಿವೆ. ಇನ್ನು ಉಳಿದದ್ದು ವೈರಿಂಗ್ ಒಂದೇ. ಅದಿಷ್ಟನ್ನು ಸಂಜೆಯೊಳಗೆ ಪೂರೈಸಿ, ಊಟಕ್ಕೆ ಏಳುವ ಮೊದಲೇ ಒಂದು ತೇಗದ ಹಲಗೆಯ ಮೇಲೆ ಮನೆಯ ಹೆಸರನ್ನು ಕೊರೆದುಬಿಡಬೇಕೆಂಬುದು ನನ್ನ ಆಸೆ.

ಮಾವ: ಆಸೆ ಒಳ್ಳೆಯದೇ. ಆದರೆ ನೀನು ಕಟ್ಟಕಡೆಯ ಚಿಲ್ಲರೆ ಕೆಲಸವೆಂಬಂತೆ ಬದಿಗಿಟ್ಟಿರುವ ಆ ವೈರಿಂಗಿನಲ್ಲಿಯೇ ಯಂತ್ರದ ಮುಕ್ಕಾಲು ಪಾಲು ಇರುವುದೆಂದು ನನ್ನ ಅಭಿಪ್ರಾಯ. ಅದಿರಲಿ, ಚೌಕಟ್ಟು ಮುಗಿಯಿತೆಂದೆಯಲ್ಲ, ಅದು ಚೌಕವಾಗಿದೆಯೆ?

ಅಳಿಯ: ನಾಲ್ಕು ಮೂಲೆಗಳಿಗೂ ಮೂಲೆಮಟ್ಟವನ್ನಿಟ್ಟು ನೋಡಿದೆನು, ನಡುವೆ ಬೆಳಕು ಸಹ ತೂರುತ್ತಿಲ್ಲ.

ಮಾವ: ಗೇಣುದ್ದದ ಮೂಲೆಮಟ್ಟವು ಗೇಣುದ್ದದ ಸತ್ಯವನ್ನಷ್ಟೆ ಹೇಳಬಲ್ಲುದು. ನಿನ್ನ ಯಂತ್ರದ ಸಂಚಾರಕ್ಷೇತ್ರ 600ಕ್ಕೆ 400 ಮಿಲಿಮೀಟರ್. ಅಷ್ಟು ವಿಸ್ತಾರವಾದ ಚತುರ್ಭುಜವು ಆಯತವೋ ಅಲ್ಲವೋ ಎಂಬುದನ್ನು ನಿಶ್ಚಯಿಸಬೇಕಾದರೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಹೋಲಿಸತಕ್ಕದ್ದು. ಆ ಎರಡರಲ್ಲಿ 2 ಮಿಲಿಮೀಟರ್ ಅಂತರವಿದ್ದರೂ ಸಾಕು, 400 ಮಿಲಿಮೀಟರ್ ಸಾಗುವಷ್ಟರಲ್ಲಿ ನಿನ್ನ ಉಪಕರಣದ ದಾರಿ ಸುಮಾರು 1.2 ಮಿಲಿಮೀಟರ್ ಓರೆಯಾಗಿರುತ್ತದೆ. ಈ ಓರೆಯನ್ನು ನಿನ್ನ ನಿಯಂತ್ರಕವು ಕಾಣಲಾರದು, ತಿದ್ದಲೂ ಆರದು.

ಅಳಿಯ: ಅಳೆಯುತ್ತೇನೆ. ಆದರೂ ಮಾವ, ಇದು ಕೈಯಿಂದ ನಡೆಯಿಸುವ ಯಂತ್ರವಲ್ಲ, ಲೆಕ್ಕದಿಂದ ನಡೆಯುವ ಯಂತ್ರ. ಇಂಥ ಬಿಂದುವಿಗೆ ಹೋಗು ಎಂದರೆ ಅದು ಆ ಬಿಂದುವಿಗೆ ಹೋಗುತ್ತದೆ. ಅದರ ವಿಷಯದಲ್ಲಿ ಇಷ್ಟು ಸಂಶಯವೇಕೆ?

ಮಾವ: ಹೋಯಿತೆಂದು ನಿನಗೆ ಹೇಳುವವರು ಯಾರು?

ಅಳಿಯ: ನಿಯಂತ್ರಕ. ಕಂಪ್ಯೂಟರಿನ ಪರದೆಯ ಮೇಲೆ ಎಕ್ಸ್ ಇಷ್ಟು, ವೈ ಇಷ್ಟು, ಝಡ್ ಇಷ್ಟು ಎಂದು ಮಿಲಿಮೀಟರಿನ ಸಾವಿರದ ಒಂದು ಭಾಗದವರೆಗೂ ತೋರುತ್ತದೆ.

ಮಾವ: ಅದು ತೋರುವುದು ತಾನು ಕೊಟ್ಟ ಅಪ್ಪಣೆಗಳ ಲೆಕ್ಕವನ್ನೇ ಹೊರತು ಉಪಕರಣವು ನಿಂತಿರುವ ಸ್ಥಳವನ್ನಲ್ಲ. ಹಿಂದಿನದನ್ನು ಸ್ವಲ್ಪ ಕೇಳು. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಯನ್ನು ಬಿಂದುಗಳ ಪಟ್ಟಿಯಾಗಿ ಲೆಕ್ಕಹಾಕಿಸುತ್ತಿದ್ದವನು, ಆ ಅಂಕಿಗಳಿಂದಲೇ ಯಂತ್ರವನ್ನು ನಡೆಸಬಾರದೇಕೆ ಎಂದು ಯೋಚಿಸಿದನು. ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಶಾಲೆಯವರು ಆ ಯೋಚನೆಯನ್ನು ಕೈಗೆತ್ತಿಕೊಂಡು, ರಂಧ್ರಗಳನ್ನು ಕೊರೆದ ಪಟ್ಟಿಯನ್ನೋದಿ ಮೂರು ಅಕ್ಷಗಳಲ್ಲಿ ಚಲಿಸುವ ಮಿಲ್ಲಿಂಗ್ ಯಂತ್ರವೊಂದನ್ನು 1952ರಲ್ಲಿ ಲೋಕಕ್ಕೆ ಪ್ರದರ್ಶಿಸಿದರು. ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಜನ್ಮತಾಳಿತು. ಆ ಮೊದಲನೆಯ ಯಂತ್ರದಿಂದ ಹಿಡಿದು ನಾನು ಕಾರ್ಖಾನೆಯಲ್ಲಿ ಕಂಡ ಎಲ್ಲ ಅಂಕಿನಿಯಂತ್ರಿತ ಯಂತ್ರಗಳಲ್ಲಿಯೂ ಒಂದು ನ್ಯಾಯವಿತ್ತು: ಅಪ್ಪಣೆ ಒಂದು ದಾರಿಯಲ್ಲಿ ಹೋಗುತ್ತಿತ್ತು, ವರದಿ ಇನ್ನೊಂದು ದಾರಿಯಲ್ಲಿ ಹಿಂದಿರುಗುತ್ತಿತ್ತು; ಎರಡನ್ನೂ ಎದುರುಬದುರಿಟ್ಟು ನೋಡಿ, ವ್ಯತ್ಯಾಸವನ್ನು ಯಂತ್ರವು ತಾನಾಗಿಯೇ ತಿದ್ದಿಕೊಳ್ಳುತ್ತಿತ್ತು. ನಿನ್ನ ಸ್ಟೆಪ್ಪರ್ ಮೋಟಾರಿನಲ್ಲಿ ಆ ಎರಡನೆಯ ದಾರಿಯೇ ಇಲ್ಲ. ಒಂದು ಪಲ್ಸ್ ಬಂದರೆ ಒಂದು ಹೆಜ್ಜೆ ಇಡು ಎಂಬುದಷ್ಟೆ ಒಪ್ಪಂದ. ಹೆಜ್ಜೆ ಇಟ್ಟಿತೆ, ಗಂಟಿಗೆ ಸಿಕ್ಕಿ ನಿಂತಲ್ಲೇ ನಡುಗಿತೆ ಎಂದು ಯಾರೂ ಹಿಂದಿರುಗಿ ಕೇಳುವುದಿಲ್ಲ.

ಅಳಿಯ: ನೀವು ಕಾರ್ಖಾನೆಯ ಕಣ್ಣಿನಿಂದ ನೋಡುತ್ತಿದ್ದೀರಿ. ಆ ನ್ಯಾಯಕ್ಕೆ ತೆರಬೇಕಾದ ಬೆಲೆಯನ್ನು ಒಬ್ಬ ಮೇಷ್ಟರ ಸಂಬಳವು ತಡೆಯಲಾರದು. ಈ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 1.8 ಡಿಗ್ರಿ, ಒಂದೊಂದು ಹೆಜ್ಜೆಯಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಮೆ ಇದ್ದರೂ ಆ ದೋಷವು ಮುಂದಿನ ಹೆಜ್ಜೆಗೆ ಸಾಲವಾಗಿ ಏರುವುದಿಲ್ಲ, ಸಾವಿರ ಹೆಜ್ಜೆಗಳ ಕೊನೆಯಲ್ಲಿಯೂ ಅಷ್ಟೇ ಇರುತ್ತದೆ. ಶಕ್ತಿಗೆ ಮೀರಿದ ಭಾರವನ್ನು ಹೊರಿಸದೆ, ತಟಕ್ಕನೆ ಓಡಿಸದೆ ನಡೆಸಿಕೊಂಡರೆ ಅದು ಮಾತಿಗೆ ತಪ್ಪುವ ಮೋಟಾರಲ್ಲ. ಇನ್ನು ನಿಯಂತ್ರಕವನ್ನು ನೋಡಿ: ಗ್ರಬಲ್ ಎಂಬ ಈ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಎಂಬಾತನು 2009ರಲ್ಲಿ ಬರೆದು ಯಾರಾದರೂ ಬಳಸಲೆಂದು ಲೋಕಕ್ಕೆ ಬಿಟ್ಟುಕೊಟ್ಟನು. 32 ಕಿಲೋಬೈಟಿನ ತಂತ್ರಾಂಶಭಂಡಾರ, 2 ಕಿಲೋಬೈಟಿನ ಸ್ಮೃತಿ ಇಷ್ಟೇ ಉಳ್ಳ ಆರ್ಡುಯಿನೋದ ಪುಟ್ಟ ಚಿಪ್ಪಿನಲ್ಲಿ ಕುಳಿತು ಅದು ಸೆಕೆಂಡಿಗೆ 30,000 ಪಲ್ಸ್‌ಗಳನ್ನು ಕಳುಹಿಸಬಲ್ಲುದು. ಬಡವರಿಗೂ ಈ ವಿದ್ಯೆ ದೊರೆತದ್ದು ಆ ಹಿಂದಿರುಗುವ ದಾರಿಯನ್ನು ಬಿಟ್ಟುಕೊಟ್ಟದ್ದರಿಂದಲೇ ಅಲ್ಲವೆ?

ಮಾವ: ಒಪ್ಪಿದೆನು, ನನ್ನ ಮಾತಿನಲ್ಲಿ ಸ್ವಲ್ಪ ಕಾರ್ಖಾನೆಯ ಜಂಬ ಇದ್ದೀತು. ಆದರೆ ನೀನು ಹೇಳಿದ್ದರಿಂದಲೇ ನನ್ನ ಮಾತಿಗೆ ಬಲ ಬರುತ್ತದೆ. ಇದು ನಂಬಿಕೆಯ ಮೇಲೆ ನಡೆಯುವ ಯಂತ್ರ. ತನಗೆ ಹೇಳಿದ್ದನ್ನೆಲ್ಲ ನಂಬುತ್ತದೆ, ತನ್ನ ಮೋಟಾರು ಹೇಳಿದಂತೆ ಕೇಳಿತೆಂದೂ ನಂಬುತ್ತದೆ. ಸಂಶಯಪಡುವ ಶಕ್ತಿಯನ್ನು ಅದಕ್ಕೆ ಕೊಡದೆ ಹಣ ಉಳಿಸಿಕೊಂಡ ನಾವು, ಆ ಸಂಶಯವನ್ನೆಲ್ಲ ತಂತಿ ಕಟ್ಟುವಾಗ ನಮ್ಮ ತಲೆಯಲ್ಲಿ ಇಟ್ಟುಕೊಂಡಿರಬೇಕು. ಹೇಳು, ಒಂದು ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂದು ಅದಕ್ಕೆ ಹೇಳಿರುವೆ?

ಅಳಿಯ: ಡ್ರೈವರಿನಲ್ಲಿ ಹೆಜ್ಜೆಯನ್ನು 16 ಭಾಗ ಮಾಡಿದ್ದೇನೆ, ಸುತ್ತಿಗೆ 3200 ಪಲ್ಸ್. ಬಾಲ್‌ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುತ್ತದೆ. ಆದಕಾರಣ 640.

ಮಾವ: ಸೆಕೆಂಡಿಗೆ 30,000 ಎಂದು ಈಗತಾನೆ ಹೇಳಿದೆ. 640ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 47, ನಿಮಿಷಕ್ಕೆ 2800 ಮಿಲಿಮೀಟರಿಗೆ ನಿನ್ನ ವೇಗ ಮುಗಿದುಹೋಯಿತು. ಎಂಟೇ ಭಾಗ ಮಾಡು. 320 ಆಗುತ್ತದೆ, ವೇಗದ ಮಿತಿ ಇಮ್ಮಡಿಯಾಗುತ್ತದೆ. ಭಾಗಗಳನ್ನು ಹೆಚ್ಚಿಸಿದಷ್ಟೂ ನಡಿಗೆ ನುಣುಪಾಗುವುದುಂಟು. ನಿಖರತೆಯೂ ಅಷ್ಟೇ ಹೆಚ್ಚುವುದೆಂದು ಭ್ರಮಿಸಬೇಡ.

ಅಳಿಯ: ಆಗಲಿ, 320. ಆಮೇಲೆ 100 ಮಿಲಿಮೀಟರ್ ಓಡಿಸಿ, ಸ್ಕೇಲಿನಿಂದ ಅಳೆದು, 99.8 ಬಂದರೆ ಆ ಪ್ರಮಾಣಕ್ಕೆ ತಕ್ಕಂತೆ ಅಂಕಿಯನ್ನು ತಿದ್ದಬೇಕೆಂದು ಬಲ್ಲವರು ಹೇಳುತ್ತಾರೆ.

ಮಾವ: ಬೆಲ್ಟಿನ ಯಂತ್ರವಾಗಿದ್ದರೆ ಹಾಗೆ ಮಾಡು, ಬೆಲ್ಟು ಹಿಗ್ಗುವ ವಸ್ತು. ಆದರೆ ಗ್ರೈಂಡಿಂಗಿನಿಂದಲೋ ರೋಲಿಂಗಿನಿಂದಲೋ ಮಾಡಿದ ಸ್ಕ್ರೂವನ್ನು ಪೇಟೆಯ ಸ್ಕೇಲು ತಿದ್ದುವುದೆಂದರೆ, ನನಗೆ ಅದು ಸರಿಕಾಣುವುದಿಲ್ಲ. 99.8 ಬಂದರೆ ಮೊದಲು ಕಪ್ಲಿಂಗಿನ ಗ್ರಬ್ ಸ್ಕ್ರೂ ಸಡಿಲವಾಗಿದೆಯೆ, ನಟ್ಟಿನಲ್ಲಿ ಹಿಂದುಮುಂದಿನ ಆಟವಿದೆಯೆ, ನಿನ್ನ ಕಣ್ಣು ಸ್ಕೇಲನ್ನು ಓರೆಯಾಗಿ ನೋಡಿತೆ ಎಂದು ವಿಚಾರಿಸು. ರೋಗವನ್ನು ಅಂಕಿಯೊಳಗೆ ಬಚ್ಚಿಟ್ಟರೆ ಅದು ಅಲ್ಲಿಯೇ ಬೆಳೆಯುತ್ತದೆ. ಸರಿ, ಈಗ ತಂತಿಗೆ ಬರೋಣ. ಗೋಡೆಯಿಂದಲೇ ಹೊರಡೋಣ. ಆ ಮೂರು ರಂಧ್ರಗಳ ಸಾಕೆಟ್ಟಿನಲ್ಲಿ ಅರ್ತಿಂಗ್ ಇದೆಯೆ?

ಅಳಿಯ: ಮೂರನೆಯ ರಂಧ್ರವಿದೆಯಲ್ಲ.

ಮಾವ: ರಂಧ್ರವಿರುವ ಮನೆಗಳಲ್ಲೆಲ್ಲ ಅದರ ಹಿಂದೆ ತಂತಿ ಇರುವುದೆಂದೂ, ತಂತಿ ಇರುವಲ್ಲೆಲ್ಲ ಅದು ಭೂಮಿಯನ್ನು ಮುಟ್ಟಿರುವುದೆಂದೂ ತಿಳಿಯಬೇಡ. ಮಲ್ಟಿಮೀಟರಿನಿಂದ ಫೇಸಿಗೂ ಅರ್ತಿಗೂ ನಡುವೆ ನೋಡಿದರೆ, ಫೇಸಿಗೂ ನ್ಯೂಟ್ರಲಿಗೂ ನಡುವೆ ಎಷ್ಟೋ ಹೆಚ್ಚುಕಡಮೆ ಅಷ್ಟೇ, 230ರ ಹತ್ತಿರ ಬರಬೇಕು; ನ್ಯೂಟ್ರಲಿಗೂ ಅರ್ತಿಗೂ ನಡುವೆ ಒಂದೆರಡು ವೋಲ್ಟಿಗಿಂತ ವಿಶೇಷವಾಗಿ ಇರಬಾರದು. ಇಷ್ಟಾದರೂ ಅದು ಭಾರ ಹೊರುವ ಅರ್ತೇ ಎಂಬುದನ್ನು ಒಬ್ಬ ತಿಳಿದ ಎಲೆಕ್ಟ್ರಿಷಿಯನ್ನನು ಕರೆಸಿ ಪರೀಕ್ಷಿಸುವುದು ಕ್ಷೇಮ. ಅರ್ತಿಂಗಿನ ಕ್ರಮಕ್ಕಾಗಿಯೇ ನಮ್ಮ ದೇಶದಲ್ಲಿ ಐಎಸ್ 3043 ಎಂಬ ಮಾನಕಗ್ರಂಥವಿದೆ. ಅಲ್ಲಿಂದ ಬಂದ ಹಸಿರು ತಂತಿಯನ್ನು ಒಂದು ತಾಮ್ರದ ಪಟ್ಟಿಗೆ ಕಟ್ಟಿ, ಪವರ್ ಸಪ್ಲೈಯ ಪೆಟ್ಟಿಗೆ, ಕೊರೆಯುವ ಸ್ಪಿಂಡಲಿನ ವೇಗವನ್ನು ಆಳುವ ವಿಎಫ್‌ಡಿ, ಸ್ಪಿಂಡಲಿನ ಮೈ, ಯಂತ್ರದ ಚೌಕಟ್ಟು ಇವುಗಳಿಗೆ ಅಲ್ಲಿಂದ ಬೇರೆಬೇರೆಯಾಗಿ ತಂತಿಗಳನ್ನು ಎಳೆ. ಒಂದರಿಂದ ಮತ್ತೊಂದಕ್ಕೆ ಸರಪಳಿಯಂತೆ ಹೋಗಕೂಡದು.

ಅಳಿಯ: ಚೌಕಟ್ಟೆಲ್ಲ ಅಲ್ಯೂಮಿನಿಯಮ್ಮೇ ಅಲ್ಲವೆ? ಒಂದು ಕಡೆ ಕಟ್ಟಿದರೆ ಬೋಲ್ಟುಗಳ ಮೂಲಕ ಎಲ್ಲೆಡೆಯೂ ತಲಪುತ್ತದೆ.

ಮಾವ: ನೋಡು, ಮನಸ್ಸು ಎಲ್ಲಿ ನಂಬಿಬಿಡುತ್ತದೆ! ಈ ಪ್ರೊಫೈಲುಗಳಿಗೆ ಆನೊಡೈಸಿಂಗ್ ಮಾಡಿದ್ದಾರೆ. ಬೆಳ್ಳಿಯಂತೆ ಹೊಳೆಯುವ ಆ ತೆಳುವಾದ ಪದರವು ಲೋಹದ ಆಕ್ಸೈಡು, ಎಂದರೆ ವಿದ್ಯುತ್ತನ್ನು ತಡೆಯುವ ವಸ್ತು. ಎರಡು ತುಂಡುಗಳನ್ನು ಎಷ್ಟೇ ಬಿಗಿದರೂ ನಡುವೆ ವಿದ್ಯುತ್ತು ಹರಿಯದೆ ಇದ್ದೀತು. ತಂತಿ ಕೂಡುವ ಸ್ಥಳದಲ್ಲಿ ಆ ಪದರವನ್ನು ಕೆರೆದು, ಹಲ್ಲಿನ ವಾಷರನ್ನಿಟ್ಟು, ಲಗ್ಗನ್ನು ಬಿಗಿದು, ಆಮೇಲೆ ಯಂತ್ರದ ಒಂದೊಂದು ಅಂಗಕ್ಕೂ ಮೀಟರಿನ ಕಡ್ಡಿಯನ್ನು ಮುಟ್ಟಿಸಿ ನೋಡು.

ಅಳಿಯ: ಎಮರ್ಜೆನ್ಸಿ ಸ್ವಿಚ್ಚನ್ನು ನಿಯಂತ್ರಕದ ರಿಸೆಟ್ ಪಿನ್ನಿಗೆ ಕೊಡಬೇಕೆಂದಿದ್ದೆನು.

ಮಾವ: ನಿಯಂತ್ರಕವೇ ಮತಿಗೆಟ್ಟಾಗ ಅದನ್ನು ಬೇಡಿಕೊಂಡು ಪ್ರಯೋಜನವೇನು? ಆ ಕೆಂಪು ಗುಂಡಿಯು ಯಾರ ಅನುಮತಿಯನ್ನೂ ಕಾಯದೆ ಕರೆಂಟನ್ನೇ ಕಡಿಯುವಂತಿರಬೇಕು. ಒಂದು ಕಾಂಟ್ಯಾಕ್ಟರನ್ನು ತಂದು, ಅದರ ಸುರುಳಿಯ ದಾರಿಯಲ್ಲಿ ಈ ಗುಂಡಿಯ ಮುಚ್ಚಿದ ಕಾಂಟ್ಯಾಕ್ಟನ್ನು ಸೇರಿಸು. ಗುಂಡಿ ಒತ್ತಿದರೂ, ಗುಂಡಿಯ ತಂತಿ ಕಿತ್ತುಬಂದರೂ ಕಾಂಟ್ಯಾಕ್ಟರು ಬೀಳುತ್ತದೆ. ಹಸಿರು ಗುಂಡಿಯನ್ನು ಒತ್ತಿದ ಹೊರತು ಮತ್ತೆ ಏಳದಂತೆ ಕಟ್ಟು. ಹೋದ ವಿದ್ಯುತ್ತು ನಡುರಾತ್ರಿ ಬಂದಾಗ ಯಂತ್ರವು ತಾನಾಗಿಯೇ ಎಚ್ಚೆತ್ತುಕೊಳ್ಳಬಾರದು.

ಅಳಿಯ: ಇನ್ನು ಮೋಟಾರುಗಳು. ನಾಲ್ಕು ತಂತಿಗಳು ಹೊರಬಂದಿವೆ. ಬಣ್ಣಗಳ ಪಟ್ಟಿಯೊಂದನ್ನು ಕೊಟ್ಟಿದ್ದಾರೆ, ಆದರೆ ಒಂದು ಮೋಟಾರಿನ ಬಣ್ಣಗಳು ಪಟ್ಟಿಗೆ ಹೊಂದುವುದೇ ಇಲ್ಲ.

ಮಾವ: ಬಣ್ಣವನ್ನು ಬಿಡು, ಬೆರಳುಗಳಿಂದ ಕೇಳು. ಯಾವುದಾದರೂ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮೋಟಾರಿನ ದಂಡವನ್ನು ತಿರುಗಿಸಿ ನೋಡು. ಸರಾಗವಾಗಿ ತಿರುಗಿದರೆ ಅವೆರಡು ಒಂದೇ ಸುರುಳಿಯವಲ್ಲ. ತಡೆತಡೆದು ತಿರುಗಿದರೆ ಅವು ಒಂದು ಜೋಡಿ, ಮಿಕ್ಕವು ಇನ್ನೊಂದು ಜೋಡಿ. ತಿರುಗುವ ಮೋಟಾರೇ ಜನರೇಟರಾಗಿ ತನಗೆ ತಾನೇ ಅಡ್ಡಿಮಾಡಿಕೊಳ್ಳುವುದು ಅದಕ್ಕೆ ಕಾರಣ. ಮೊದಲನೆಯ ಜೋಡಿ ಡ್ರೈವರಿನ ಎ ಕಡೆಗೆ, ಎರಡನೆಯದು ಬಿ ಕಡೆಗೆ. ಅಕ್ಷವು ತಿರುಗುಮುರುಗಾಗಿ ಓಡಿದರೆ ಒಂದೇ ಜೋಡಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಆದರೆ ಅದಲುಬದಲು ಮಾಡುವುದು ವಿದ್ಯುತ್ತನ್ನು ಆರಿಸಿದ ಮೇಲೆ. ಕರೆಂಟು ಹರಿಯುತ್ತಿರುವ ಸುರುಳಿಯ ತಂತಿಯನ್ನು ಫಕ್ಕನೆ ಬಿಡಿಸಿದರೆ, ಆ ಸುರುಳಿಯ ಕಾಂತಶಕ್ತಿಯು ಹೋಗಲು ದಾರಿಯಿಲ್ಲದೆ ದೊಡ್ಡ ವೋಲ್ಟೇಜಾಗಿ ಎದ್ದು ಡ್ರೈವರನ್ನು ಸುಟ್ಟುಬಿಡುತ್ತದೆ.

ಅಳಿಯ: ವೋಲ್ಟೇಜಿನ ಮಾತು ಬಂದದ್ದರಿಂದ ಕೇಳುತ್ತೇನೆ. ಮೋಟಾರಿನ ಚೀಟಿಯ ಮೇಲೆ 3 ಆಂಪಿಯರ್ ಎಂದೂ ಸುರುಳಿಯ ರೋಧ ಸುಮಾರು 1 ಓಮ್ ಎಂದೂ ಇದೆ. ಎಂದರೆ 3 ವೋಲ್ಟು ಸಾಕು. ನಾನು ತಂದಿರುವುದು 36 ವೋಲ್ಟಿನ ಸಪ್ಲೈ. ಸುಟ್ಟುಹೋಗುವುದಿಲ್ಲವೆ?

ಮಾವ: ಒಳ್ಳೆಯ ಪ್ರಶ್ನೆ. ಸುರುಳಿಯಲ್ಲಿ ಕರೆಂಟು ಒಡನೆಯೇ ಏರುವುದಿಲ್ಲ. ಅದರ ಇಂಡಕ್ಟನ್ಸು ತಡೆಯುತ್ತದೆ. ನಿಧಾನವಾಗಿ ನಡೆಯುವಾಗ ಈ ತಡ ಲೆಕ್ಕಕ್ಕೆ ಬಾರದು. ಸೆಕೆಂಡಿಗೆ ಸಾವಿರಾರು ಪಲ್ಸ್‌ಗಳು ಬರುತ್ತಿರುವಾಗ, 3 ವೋಲ್ಟಿನ ತಳ್ಳಿಕೆಯಿಂದ ಕರೆಂಟು ಅರ್ಧ ಏರುವಷ್ಟರಲ್ಲಿಯೇ ಅದನ್ನು ಇಳಿಸುವ ಸಮಯ ಬಂದಿರುತ್ತದೆ. ಮೋಟಾರು ಬಲಗುಂದಿ ಹೆಜ್ಜೆ ತಪ್ಪುತ್ತದೆ. 36 ವೋಲ್ಟು ಅದನ್ನು ಬಲವಾಗಿ ತಳ್ಳಿ ಬೇಗನೆ ಮೇಲಕ್ಕೇರಿಸುತ್ತದೆ. 3 ಆಂಪಿಯರ್ ಮುಟ್ಟುತ್ತಲೇ ಡ್ರೈವರು ಕಡಿದು, ಇಳಿದರೆ ಕೊಟ್ಟು, ಮತ್ತೆ ಕಡಿದು, ಹೀಗೆ ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತ ಆ ಮಟ್ಟದಲ್ಲಿಯೇ ಹಿಡಿದಿರುತ್ತದೆ. ಮೋಟಾರನ್ನು ಕಾಯುವುದು ಸಪ್ಲೈಯ ವೋಲ್ಟೇಜಲ್ಲ, ಡ್ರೈವರಿನ ಬದಿಯಲ್ಲಿರುವ ಆ ಪುಟ್ಟ ಸ್ವಿಚ್ಚುಗಳು. ಅವುಗಳನ್ನು ಚೀಟಿಯ ಕರೆಂಟಿಗೆ ಸರಿಯಾಗಿಯೋ ಸ್ವಲ್ಪ ಕಡಮೆಯಾಗಿಯೋ ಇಡು. ಲಿಮಿಟ್ ಸ್ವಿಚ್ಚುಗಳನ್ನು ಹೇಗೆ ಕಟ್ಟಿರುವೆ?

ಅಳಿಯ: ಅವು ಆಗಲೇ ಮುಗಿದಿವೆ. ಮೂರು ಕಾಲುಗಳಲ್ಲಿ ಕಾಮನ್ ಮತ್ತು ಎನ್‌ಒ, ಎಂದರೆ ಮುಟ್ಟದಿರುವಾಗ ತೆರೆದಿರುವ ಕಾಲು. ಅಕ್ಷವು ತುದಿಯನ್ನು ಮುಟ್ಟಿದಾಗ ಸ್ವಿಚ್ಚು ಮುಚ್ಚಿಕೊಂಡು ನಿಯಂತ್ರಕಕ್ಕೆ ಸುದ್ದಿ ಹೋಗುತ್ತದೆ.

ಮಾವ: ಆ ತಂತಿಯು ಕೇಬಲ್ ಸರಪಳಿಯೊಳಗೆ ದಿನವೂ ಬಗ್ಗಿ ಬಗ್ಗಿ ಒಂದು ದಿನ ಒಳಗೊಳಗೇ ತುಂಡಾಯಿತೆನ್ನು. ಆಗ?

ಅಳಿಯ: ಸುದ್ದಿ ಹೋಗುವುದಿಲ್ಲ.

ಮಾವ: ಸುದ್ದಿ ಬಾರದಿದ್ದರೆ ನಿಯಂತ್ರಕವು ಏನೆಂದು ತಿಳಿಯುತ್ತದೆ?

ಅಳಿಯ: ಎಲ್ಲವೂ ಕ್ಷೇಮವೆಂದು.

ಮಾವ: ಹಿಂದೆ ಊರುಗಳಲ್ಲಿ ರಾತ್ರಿಯ ತಳವಾರನು ಜಾವಜಾವಕ್ಕೂ ಕೂಗುತ್ತ ಹೋಗುತ್ತಿದ್ದನಷ್ಟೆ. ಕಳ್ಳನು ಬಂದಾಗ ಮಾತ್ರ ಕೂಗು, ಮಿಕ್ಕ ಹೊತ್ತು ಸುಮ್ಮನಿರು ಎಂದು ಅವನಿಗೆ ಅಪ್ಪಣೆಯಾಗಿದ್ದಿದ್ದರೆ, ಬಂದ ಕಳ್ಳನು ಮೊದಲು ಅವನ ಬಾಯಿಗೆ ಬಟ್ಟೆ ತುರುಕುತ್ತಿದ್ದನು. ಊರೆಲ್ಲ ನೆಮ್ಮದಿಯಿಂದ ನಿದ್ರಿಸುತ್ತಿತ್ತು. ನೀನು ಕಟ್ಟಿರುವುದು ಅಂಥ ತಳವಾರನನ್ನು. ಮುಟ್ಟದಿರುವಾಗ ಮುಚ್ಚಿರುವ ಎನ್‌ಸಿ ಕಾಲಿಗೆ ತಂತಿಯನ್ನು ಬದಲಾಯಿಸು. ಆಗ ಸ್ವಿಚ್ಚು ಸದಾ ಮುಚ್ಚಿರುತ್ತದೆ, ಕರೆಂಟು ಸದಾ ಹರಿಯುತ್ತಿರುತ್ತದೆ. ಅಕ್ಷವು ತುದಿಗೆ ತಗುಲಿದರೂ ನಿಲ್ಲುತ್ತದೆ, ತಂತಿ ತುಂಡಾದರೂ ನಿಲ್ಲುತ್ತದೆ, ಪ್ಲಗ್ಗು ಸಡಿಲವಾದರೂ ನಿಲ್ಲುತ್ತದೆ. ತುಂಡಾದ ತಂತಿಯು ಮಾತನಾಡುವಂತೆ ಮಾಡುವುದೆಂದರೆ ಇದೇ.

ಅಳಿಯ: ಗ್ರಬಲಿನ 5ನೆಯ ಸೆಟ್ಟಿಂಗನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಿದರೆ ಅದು ಈ ತಿರುವನ್ನು ಒಪ್ಪಿಕೊಳ್ಳುತ್ತದೆ. ಹಾಗೆಂದರೆ, ಸ್ಪಿಂಡಲು ಹೊರಡುತ್ತಲೇ ತುದಿಯನ್ನು ಮುಟ್ಟದಿದ್ದರೂ ಮುಟ್ಟಿತೆಂದು ಯಂತ್ರವು ಹಠಾತ್ತನೆ ನಿಲ್ಲುವ ವ್ಯಾಧಿಗೂ ಇದರಿಂದ ಪರಿಹಾರವುಂಟೆ? ಇಂಥ ಯಂತ್ರವನ್ನು ಕಟ್ಟಿದ ಮಿತ್ರರೆಲ್ಲ ಅದನ್ನು ಹೇಳಿ ಗೋಳಾಡುತ್ತಾರೆ.

ಮಾವ: ಬಹುಮಟ್ಟಿಗೆ ಉಂಟು. ಎನ್‌ಒ ಕಟ್ಟಿನಲ್ಲಿ ಆ ಉದ್ದನೆಯ ತಂತಿಯನ್ನು ಮೇಲೆತ್ತಿ ಹಿಡಿದಿರುವುದು ಚಿಪ್ಪಿನೊಳಗಿನ 20ರಿಂದ 50 ಕಿಲೋಓಮಿನ ದುರ್ಬಲವಾದ ಒಂದು ರೋಧ ಮಾತ್ರ. ತಂತಿಯು ಆಂಟೆನಾದಂತೆ ಸ್ಪಿಂಡಲಿನ ಕಿರಿಕಿರಿಯನ್ನೆಲ್ಲ ಹಿಡಿದು ತರುತ್ತದೆ. ಎನ್‌ಸಿಯಲ್ಲಾದರೋ ತಂತಿಯು ಸ್ವಿಚ್ಚಿನ ಮೂಲಕ ನೇರವಾಗಿ ಸೊನ್ನೆಯ ನೆಲೆಗೆ ಕಟ್ಟಿಕೊಂಡಿರುವುದರಿಂದ ಅದನ್ನು ಅಲುಗಿಸುವುದು ಸುಲಭವಲ್ಲ. ಪೂರ್ತಿ ನೆಮ್ಮದಿ ಬೇಕಾದರೆ ನಡುವೆ, ಒಳಗಿನ ಪುಟ್ಟ ದೀಪದ ಬೆಳಕಿನಿಂದಲೇ ಸುದ್ದಿಯನ್ನು ದಾಟಿಸುವ ಆಪ್ಟೋಕಪ್ಲರನ್ನು ಇಡು. ತಂತಿಯಂತೂ ಶೀಲ್ಡ್ ಇರುವುದೇ ಆಗಬೇಕು. ಶೀಲ್ಡನ್ನು ನಿಯಂತ್ರಕದ ಕಡೆ ಒಂದೇ ತುದಿಯಲ್ಲಿ ಅರ್ತಿಗೆ ಸೇರಿಸತಕ್ಕದ್ದು.

ಅಳಿಯ: ಇಲ್ಲಿ ನಾನು ನಿಮ್ಮನ್ನು ತಡೆಯುತ್ತೇನೆ. ವಿಎಫ್‌ಡಿಯ ಕೈಪಿಡಿಯಲ್ಲಿ ಶೀಲ್ಡನ್ನು ಎರಡೂ ತುದಿಗಳಲ್ಲಿ ಅರ್ತಿಗೆ ಸೇರಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ.

ಮಾವ: ಎರಡೂ ಸರಿ, ಎರಡು ತಂತಿಗಳ ಧರ್ಮ ಬೇರೆ. ಲಿಮಿಟ್ ಸ್ವಿಚ್ಚಿನ ತಂತಿಯು ಹೊರಗಿನ ಗದ್ದಲವನ್ನು ಒಳಗೆ ಬಿಡಬಾರದು. ಅದರ ಶೀಲ್ಡನ್ನು ಎರಡು ಕಡೆಯೂ ಕಟ್ಟಿದರೆ, ಆ ಎರಡು ಸ್ಥಳಗಳ ಅರ್ತಿನಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಶೀಲ್ಡಿನಲ್ಲಿಯೇ ಕರೆಂಟು ಹರಿದು ಅದೇ ಗದ್ದಲವಾಗುತ್ತದೆ. ಸ್ಪಿಂಡಲಿನ ತಂತಿಯಾದರೋ ತಾನೇ ಗದ್ದಲದ ತವರು. ವಿಎಫ್‌ಡಿಯು ವೋಲ್ಟೇಜನ್ನು ಬಹು ವೇಗವಾಗಿ ಕಡಿಕಡಿದು ಕಳುಹಿಸುತ್ತದೆ. ಆ ಕಡಿತದಿಂದ ಏಳುವ ಅಧಿಕ ಆವರ್ತನದ ಕರೆಂಟುಗಳು ಹೇಗಾದರೂ ಹೊರಟ ಸ್ಥಾನಕ್ಕೆ ಹಿಂದಿರುಗಲೇಬೇಕು. ಎರಡೂ ತುದಿ ಕಟ್ಟಿದ ಶೀಲ್ಡಿದ್ದರೆ ಅದರೊಳಗೇ ಹಿಂದಿರುಗುತ್ತವೆ. ಇಲ್ಲದಿದ್ದರೆ ನಿನ್ನ ಚೌಕಟ್ಟನ್ನೂ ಸ್ವಿಚ್ಚಿನ ತಂತಿಗಳನ್ನೂ ದಾರಿಮಾಡಿಕೊಂಡು ಬರುತ್ತವೆ. ಇವೆರಡು ಜಾತಿಯ ತಂತಿಗಳು ಜೊತೆಜೊತೆಯಾಗಿ ಓಡಕೂಡದು. ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಲಿ. ವಿಎಫ್‌ಡಿಯ ಸೆಟ್ಟಿಂಗುಗಳನ್ನು ನೋಡಿದೆಯಾ?

ಅಳಿಯ: ಇನ್ನೂ ಇಲ್ಲ. ಪೆಟ್ಟಿಗೆಯಿಂದ ತೆಗೆದಂತೆಯೇ ಇದೆ. 800 ವಾಟಿನ ಸ್ಪಿಂಡಲು, 24,000 ಆರ್‌ಪಿಎಂ. ಮೊದಲ ಸಲ ನಿಧಾನವಾಗಿ, 50 ಹರ್ಟ್ಸಿನಲ್ಲಿ ತಿರುಗಿಸಿ ನೋಡೋಣವೆಂದು ಯೋಚಿಸಿದ್ದೆನು.

ಮಾವ: ಯೋಚಿಸಿದ್ದಷ್ಟೇ ಆಯಿತಲ್ಲ, ಪುಣ್ಯ! ಎರಡು ಧ್ರುವಗಳ ಮೋಟಾರು ನಿಮಿಷಕ್ಕೆ 24,000 ಸುತ್ತು ತಿರುಗಬೇಕಾದರೆ 400 ಹರ್ಟ್ಸ್ ಬೇಕು, 120ನ್ನು 400ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಬರುವುದು ಆ 24,000ವೇ. ಅದರ 220 ವೋಲ್ಟು ಸಲ್ಲುವುದು ಆ 400 ಹರ್ಟ್ಸಿನಲ್ಲಿ. ಆವರ್ತನ ಇಳಿದಂತೆ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯಬೇಕು. 50 ಹರ್ಟ್ಸಿಗೆ 27 ಅಥವಾ 28 ವೋಲ್ಟಷ್ಟೆ. ಆದರೆ ಎಷ್ಟೋ ವಿಎಫ್‌ಡಿಗಳು ಕಾರ್ಖಾನೆಯಿಂದ ಬರುವಾಗ, ಎದುರಿಗಿರುವುದು ಸಾಮಾನ್ಯವಾದ ನೀರೆತ್ತುವ ಮೋಟಾರೆಂದು ಭಾವಿಸಿ, ಮೂಲ ಆವರ್ತನವನ್ನು 50 ಎಂದೇ ಇಟ್ಟುಕೊಂಡಿರುತ್ತವೆ. ನೀನು ನಿಧಾನವಾಗಿ ತಿರುಗಿಸಿ ನೋಡುತ್ತೇನೆಂದು ಹೊರಟರೆ, ಅದು 50 ಹರ್ಟ್ಸಿನಲ್ಲಿಯೇ ಪೂರ್ತಿ 220 ವೋಲ್ಟನ್ನು ಸುರಿದು, ಸಲ್ಲಬೇಕಾದುದಕ್ಕೆ ಎಂಟರಷ್ಟು ಕೊಟ್ಟು, ಸುರುಳಿಯನ್ನು ನಿನ್ನ ಕಣ್ಣೆದುರಿಗೇ ಹೊಗೆಯಾಡಿಸುತ್ತದೆ. ನಿಧಾನವೇ ಕ್ಷೇಮವೆಂಬ ನಮ್ಮ ಹಿರಿಯರ ಮಾತು ಈ ಒಂದು ಸ್ಥಳದಲ್ಲಿ ಸಲ್ಲದು. ಸೆಟ್ಟಿಂಗನ್ನು ತಿದ್ದಿದ ಮೇಲೂ ಗಾಳಿಯಿಂದ ತಂಪಾಗುವ ಸ್ಪಿಂಡಲನ್ನು ಬಹಳ ನಿಧಾನವಾಗಿ ಓಡಿಸಕೂಡದು. ಅದರ ಫ್ಯಾನು ಅದೇ ದಂಡದ ಮೇಲಿರುವುದರಿಂದ, ದಂಡ ನಿಧಾನವಾದರೆ ಗಾಳಿಯೂ ಸೊರಗುತ್ತದೆ. ಮತ್ತೊಂದು ಮಾತು: ಆರಿಸಿದ ಕೂಡಲೆ ವಿಎಫ್‌ಡಿಯ ಮುಚ್ಚಳವನ್ನು ತೆಗೆಯಬೇಡ. ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟು ನಿಂತಿರುತ್ತದೆ. ಕೈಪಿಡಿ ಹೇಳಿದಷ್ಟು ನಿಮಿಷ ಕಾದು, ಮೀಟರಿನಿಂದ ಅಳೆದು, ಆಮೇಲೆ ಕೈಯಿಡು.

ಅಳಿಯ: ಹಾಗಾದರೆ ಇಂದು ಮರ ಕೊರೆಯುವಂತಿಲ್ಲ.

ಮಾವ: ಮರ ಬೇಡ, ಸ್ಪಿಂಡಲಿನ ಸ್ಥಾನದಲ್ಲಿ ಒಂದು ಪೆನ್ನನ್ನು ಕಟ್ಟಿ ಕಾಗದದ ಮೇಲೆ ಒಂದು ದೊಡ್ಡ ಆಯತವನ್ನು ಬರೆಸು. ಅದರ ಕರ್ಣಗಳನ್ನು ಅಳೆ. ಆಮೇಲೆ ಅದೇ ಆಯತವನ್ನು ಅದರ ಮೇಲೆಯೇ ಮತ್ತೆ ಮತ್ತೆ, ವೇಗವನ್ನು ಏರಿಸುತ್ತ ಬರೆಸು. ಗೆರೆಯು ಗೆರೆಯ ಮೇಲೆಯೇ ಬಿದ್ದರೆ ಹೆಜ್ಜೆ ತಪ್ಪುತ್ತಿಲ್ಲ, ಪಕ್ಕಕ್ಕೆ ಸರಿಯತೊಡಗಿದರೆ ಆ ವೇಗವೋ ವೇಗೋತ್ಕರ್ಷವೋ ಮೋಟಾರಿನ ಶಕ್ತಿಗೆ ಮೀರಿತು. ನಿನ್ನ ಯಂತ್ರಕ್ಕೆ ಇಲ್ಲದ ವರದಿಯ ದಾರಿಯನ್ನು ಆ ಹೊತ್ತಿಗೆ ಕಾಗದವು ಒದಗಿಸುತ್ತದೆ.

ಅಳಿಯ: ನನಗೊಂದು ಸಂದೇಹ ಬರುತ್ತಿದೆ, ಮಾವ. ಕೆಲಸದ ನಡುವೆ ವಿದ್ಯುತ್ತು ಹೋಯಿತೆನ್ನಿ. ಕಾಂಟ್ಯಾಕ್ಟರು ಬೀಳುತ್ತದೆ, ಮೋಟಾರುಗಳು ನಿಲ್ಲುತ್ತವೆ. ಆದರೆ ನಿಯಂತ್ರಕಕ್ಕೆ ಕರೆಂಟು ಬರುತ್ತಿರುವುದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಎಂದಮೇಲೆ ನಿಯಂತ್ರಕಕ್ಕೆ ವಿದ್ಯುತ್ತು ಹೋದದ್ದೇ ತಿಳಿಯುವುದಿಲ್ಲ! ನಿಂತ ಮೋಟಾರುಗಳಿಗೆ ಪಲ್ಸ್‌ಗಳನ್ನು ಕಳುಹಿಸುತ್ತ, ಕತ್ತಲೆಯಲ್ಲಿ ಕುಳಿತು, ಇಡೀ ಚಿತ್ರವನ್ನು ಕೊರೆದು ಮುಗಿಸಿದೆನೆಂದು ಲೆಕ್ಕ ಬರೆದುಕೊಳ್ಳುತ್ತದೆ.

ಮಾವ: ಭಲೆ! ಅದನ್ನು ನಾನು ಹೇಳಬೇಕೆಂದಿದ್ದೆನು, ನೀನೇ ಕಂಡೆ. ಈಗ ಉಪಾಯವನ್ನೂ ನೀನೇ ಹೇಳು.

ಅಳಿಯ: 36 ವೋಲ್ಟಿನ ಸಪ್ಲೈ ಇದೆಯೋ ಇಲ್ಲವೋ ಎಂಬ ಸುದ್ದಿ ನಿಯಂತ್ರಕಕ್ಕೆ ಸದಾ ಹೋಗುತ್ತಿರಬೇಕು. ಅದರಿಂದ ಒಂದು ರೆಸಿಸ್ಟರಿನ ಮೂಲಕ ಆಪ್ಟೋಕಪ್ಲರಿನ ದೀಪವನ್ನು ಉರಿಸಿ, ಇನ್ನೊಂದು ಬದಿಯನ್ನು ರಿಸೆಟ್ ಪಿನ್ನಿಗೆ ಕೊಡುತ್ತೇನೆ. ದೀಪ ಉರಿಯುತ್ತಿರುವವರೆಗೆ ಕ್ಷೇಮ, ಆರಿದರೆ ರಿಸೆಟ್. ಆ ತಂತಿ ತುಂಡಾದರೂ ರಿಸೆಟ್ಟೇ ಆಗುತ್ತದೆ. ಕೆಂಪು ಗುಂಡಿಯನ್ನು ಒತ್ತಿದಾಗಲೂ ಇದೇ ದಾರಿಯಲ್ಲಿ ಸುದ್ದಿ ಹೋಗುತ್ತದೆ. ಆದರೆ ಗ್ರಬಲ್ 1.1ರಲ್ಲಿ ಈ ಪಿನ್ನಿನ ಅರ್ಥವನ್ನು ತಿರುಗಿಸಲು ಲಿಮಿಟ್ ಸ್ವಿಚ್ಚಿಗಿರುವಂತೆ ಸೆಟ್ಟಿಂಗ್ ಇಲ್ಲ; ತಂತ್ರಾಂಶದ ಕಾನ್ಫಿಗ್ ಕಡತದಲ್ಲಿ ತಿದ್ದಿ, ಮತ್ತೆ ಕಂಪೈಲ್ ಮಾಡಿ ತುಂಬಬೇಕು. ಅದನ್ನು ಮಾಡಬಲ್ಲೆ.

ಮಾವ: ಒಂದು ತಿದ್ದುಪಡಿ. ವಿದ್ಯುತ್ತು ಹೋದ ಒಡನೆ 36 ವೋಲ್ಟು ಸೊನ್ನೆಯಾಗುವುದಿಲ್ಲ. ಸಪ್ಲೈಯ ಕೆಪಾಸಿಟರುಗಳು ಬರಿದಾಗುವವರೆಗೆ ಇಳಿಯುತ್ತ ಹೋಗುತ್ತದೆ. 20 ವೋಲ್ಟಿಗೆ ಇಳಿದಾಗಲೇ ಮೋಟಾರು ಹೆಜ್ಜೆ ತಪ್ಪೀತು, ನಿನ್ನ ದೀಪವು ಇನ್ನೂ ಉರಿಯುತ್ತಿರುತ್ತದೆ. ದೀಪದ ದಾರಿಯಲ್ಲಿ 24 ವೋಲ್ಟಿನ ಜೀನರ್ ಡಯೋಡೊಂದನ್ನು ಸೇರಿಸಿ, 1.2 ಕಿಲೋಓಮಿನ ರೆಸಿಸ್ಟರನ್ನು ಇಡು. ಪೂರ್ತಿ ವೋಲ್ಟೇಜಿನಲ್ಲಿ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ. 25ರ ಸುತ್ತಮುತ್ತ ದೀಪವು ಆರಿಯೇಹೋಗುತ್ತದೆ.

ಅಳಿಯ: ಮತ್ತೆ ವಿದ್ಯುತ್ತು ಬಂದಾಗ ಅಕ್ಷಗಳನ್ನು ಹೋಮಿಂಗ್ ಮಾಡಿದರೆ ಲಿಮಿಟ್ ಸ್ವಿಚ್ಚುಗಳೇ ಮೂಲಸ್ಥಾನವನ್ನು ಹೇಳುತ್ತವೆ, ಹಲಗೆಯ ಸೊನ್ನೆಯ ಬಿಂದುವನ್ನು ಜಿ 54ರಲ್ಲಿ ಬರೆದಿಟ್ಟಿದ್ದರೆ ಅದು ಚಿಪ್ಪಿನ ಶಾಶ್ವತ ಸ್ಮೃತಿಯಲ್ಲಿ ಉಳಿದಿರುತ್ತದೆ. ನಿಂತ ಸಾಲಿಗೆ ಸ್ವಲ್ಪ ಹಿಂದಿನಿಂದ ಮತ್ತೆ ಹೊರಡಿಸಬಹುದು. ಆದರೆ ಜೀನರ್ ಡಯೋಡನ್ನು ನಾನು ತಂದಿಲ್ಲ.

ಮಾವ: ನಾಳೆ ತಂದರಾಯಿತು, ಫೆರೂಲುಗಳೂ ಸಾಲವು, ಇನ್ನೊಂದು ಪೊಟ್ಟಣ ತೆಗೆದುಕೊಂಡು ಬಾ. ಎಳೆಎಳೆಯ ತಂತಿಯ ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂವಿನ ಅಡಿ ಸಿಕ್ಕಿಸುವುದನ್ನು ಇಲ್ಲಿ ಎರಡು ಕಡೆ ಕಂಡೆನು. ಬೆಸುಗೆಯು ಒತ್ತಡಕ್ಕೆ ಮೆಲ್ಲಮೆಲ್ಲನೆ ಹರಡಿಕೊಂಡು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ, ಅವನ್ನು ಕತ್ತರಿಸಿಬಿಡು. ಈಗ ನೀನು ಲಿಮಿಟ್ ಸ್ವಿಚ್ಚುಗಳ ತಂತಿಯನ್ನು ಎನ್‌ಸಿಗೆ ಬದಲಾಯಿಸುತ್ತಿರು. ಅಷ್ಟರಲ್ಲಿ ನಾನು ಈ ಪ್ರೊಫೈಲಿನ ಆನೊಡೈಸಿಂಗನ್ನು ಕೆರೆಯುತ್ತೇನೆ. ಅರ ಎಲ್ಲಿದೆ?

ಅಳಿಯ: ನಿಮ್ಮ ಬಲಗಡೆಯ ಡಬ್ಬಿಯಲ್ಲಿ, ಮಾವ.